ಇಂದಿನ ಧಮ್ಮ ಚಿಂತನೆ: ತಣ್ಹಾ ಯಾವುದು, ಛಂದ ಯಾವುದು? (ಒಂದು ಕ್ಯಾಮೆರಾ ಕೊಳ್ಳುವ ಮುನ್ನ)





‘ಆಸೆಯೇ ದುಃಖಕ್ಕೆ ಮೂಲ’ ಎಂಬ ಮಾತನ್ನು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಆದರೆ ಚಪ್ಪಲಿ ಮೆಟ್ಟಬೇಡ, ಒಳ್ಳೆ ಬಟ್ಟೆ ಉಡಬೇಡ, ಹೆಂಚಿನ ಮನೆ ಕಟ್ಟಬೇಡ ಎಂದು ತಲೆಮಾರುಗಟ್ಟಲೆ ಕೇಳಿಸಿಕೊಂಡ ಜನರಿಗೆ ‘ಆಸೆ ಬಿಡು’ ಎಂದರೆ ಆ ಹಳೆಯ ಅಪ್ಪಣೆಯೇ ಮತ್ತೆ ಕಿವಿಗೆ ಬಿದ್ದಂತಾಗುತ್ತದೆ. ಬುದ್ಧರು ಹೇಳಿದ್ದು ಅದಲ್ಲ.

ಅವರು ದುಃಖದ ಮೂಲವೆಂದು ತೋರಿಸಿದ್ದು ‘ತಣ್ಹಾ’. ಪದದ ಅರ್ಥ ಬಾಯಾರಿಕೆ. ಕುಡಿದಷ್ಟೂ ಹೆಚ್ಚುವ ಬಾಯಾರಿಕೆ. ಇದಕ್ಕಿಂತ ಬೇರೆಯಾದ ಇನ್ನೊಂದು ಪಾಲಿ ಪದವಿದೆ: ‘ಛಂದ’. ಇದು ನಮ್ಮ ಕನ್ನಡದ ‘ಚಂದ’ ಅಲ್ಲ, ಪದ್ಯದ ಛಂದಸ್ಸೂ ಅಲ್ಲ. ಛಂದ ಎಂದರೆ ಮಾಡಬೇಕೆಂಬ ಇಚ್ಛೆ. ಒಳ್ಳೆಯದನ್ನು ಮಾಡುವ ಇಚ್ಛೆ ಕುಸಲ ಛಂದ. ನಾಲ್ಕು ಇದ್ಧಿಪಾದಗಳಲ್ಲಿ ಮೊದಲನೆಯದೇ ಛಂದ. ಅದಿಲ್ಲದೆ ಯಾವ ಸಾಧನೆಯೂ ಶುರುವಾಗುವುದಿಲ್ಲ.

ಪದಗಳ ಅರ್ಥ ಹೇಳುವುದು ಸುಲಭ. ನಮ್ಮ ಮನಸ್ಸಿನಲ್ಲಿ ಎದ್ದಿರುವುದು ಎರಡರಲ್ಲಿ ಯಾವುದೆಂದು ಗುರುತಿಸುವುದು ಕಷ್ಟ. ಅದಕ್ಕೆ ನನ್ನದೇ ಒಂದು ಉದಾಹರಣೆ ಇಡುತ್ತೇನೆ. ಕೆಲವು ತಿಂಗಳಿಂದ ನನಗೆ ಫಿಲ್ಮ್ ಹಾಕುವ, ಲೆನ್ಸ್ ಬದಲಿಸಬಹುದಾದ ರೇಂಜ್‌ಫೈಂಡರ್ ಕ್ಯಾಮೆರಾ ಕೊಳ್ಳಬೇಕೆನಿಸಿದೆ.

*ಈ ಕ್ಯಾಮೆರಾ ಎಂದರೇನು?*

ರೇಂಜ್‌ಫೈಂಡರ್‌ನಲ್ಲಿ ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಪುಟ್ಟ ಕಿಟಕಿಯಿಂದ ನೋಡುತ್ತೇವೆ. ನಡುವೆ ಒಂದೇ ಮುಖದ ಎರಡು ಬಿಂಬ ಕಾಣುತ್ತವೆ. ಲೆನ್ಸ್ ತಿರುಗಿಸುತ್ತಾ ಹೋದರೆ ಎರಡೂ ಒಂದರ ಮೇಲೊಂದು ಕೂರುತ್ತವೆ. ಆಗ ಫೋಕಸ್ ಸರಿಯಾಯಿತು ಎಂದರ್ಥ. ಒಳಗೆ ಮೇಲೆದ್ದು ಬಡಿಯುವ ಕನ್ನಡಿ ಇಲ್ಲ, ಆದ್ದರಿಂದ ಸದ್ದು ಕಡಿಮೆ. ಚಿತ್ರ ತೆಗೆಯುವ ಗಳಿಗೆಯಲ್ಲೂ ಎದುರಿನವರ ಮುಖ ಮರೆಯಾಗುವುದಿಲ್ಲ. ಕೊರತೆಯೂ ಇದೆ: ತೀರಾ ಹತ್ತಿರದ ವಸ್ತುವಿಗೆ ಆಗಿಬರುವುದಿಲ್ಲ, ದೂರದ ಹಕ್ಕಿಗೂ ಅಲ್ಲ.

ಇದರಲ್ಲಿ ದೊಡ್ಡ ಹೆಸರು ಜರ್ಮನಿಯ ಲೈಕಾ. ಬಳಸಿದ ಲೈಕಾ ಎಂ6 ಬಾಡಿಗೇ ಲಕ್ಷ ರೂಪಾಯಿ ಮೀರುತ್ತದೆ, ಲೆನ್ಸ್ ಬೇರೆ. ಸೋವಿಯತ್ ಕಾಲದ ಫೆಡ್, ಜೋರ್ಕಿ ಕ್ಯಾಮೆರಾಗಳು ಕೆಲವೇ ಸಾವಿರಕ್ಕೆ ಸಿಗುತ್ತವೆ. ಫೆಡ್ ಕಥೆ ಶಿಕ್ಷಕನಾದ ನನ್ನನ್ನು ಸೆಳೆಯಿತು. ಉಕ್ರೇನಿನ ಖಾರ್ಕಿವ್‌ನಲ್ಲಿ ಬೀದಿಪಾಲಾದ ಮಕ್ಕಳಿಗಾಗಿ ಒಂದು ಕಮ್ಯೂನ್ ಇತ್ತು. ಅದನ್ನು ನಡೆಸಿದವರು ಶಿಕ್ಷಣತಜ್ಞ ಮಕರೆಂಕೊ. 1934ರಿಂದ ಅಲ್ಲಿನ ಮಕ್ಕಳು, ಯುವಕರು ಲೈಕಾವನ್ನೇ ನೋಡಿ ಈ ಕ್ಯಾಮೆರಾ ತಯಾರಿಸಿದರು. ಕಸವೆಂದು ಸಮಾಜ ಎಸೆದಿದ್ದ ಕೈಗಳು ಕೂದಲೆಳೆಯ ಲೆಕ್ಕದ ಯಂತ್ರ ಮಾಡಿದವು. ಆದರೆ ಕಥೆ ಚೆನ್ನಾಗಿದೆ ಎಂಬುದು ಕೊಳ್ಳಲು ಕಾರಣವಾಗಬಾರದು. ತಣ್ಹಾ ಒಳ್ಳೆಯ ಕಥೆಯ ಬಟ್ಟೆ ಉಟ್ಟುಕೊಂಡೂ ಬರುತ್ತದೆ.

*ಬೇಕೇಕೆ?*

ಕಳೆದ ವರ್ಷ ನಮ್ಮ ಕೇರಿಯ ಹಿರಿಯ ಅಜ್ಜಿಯೊಬ್ಬರು ತೀರಿಕೊಂಡರು. ಶ್ರದ್ಧಾಂಜಲಿಯ ಫ್ಲೆಕ್ಸ್‌ಗೆ ಫೋಟೋ ಹುಡುಕಿದರೆ ಇದ್ದದ್ದು ಆಧಾರ್ ಕಾರ್ಡಿನದು ಒಂದೇ. ಅದನ್ನೇ ದೊಡ್ಡದು ಮಾಡಿಸಿದರು. ಮುಖ ಮಸುಕಾಗಿ, ಬೆದರಿದಂತೆ ಕಾಣುತ್ತಿತ್ತು. ಬದುಕಿದ್ದಾಗ ಆ ತಾಯಿ ಯಾರಿಗೂ ಬೆದರಿದವರಲ್ಲ.

ಬಾಬಾಸಾಹೇಬರ ಮುಖ ಇಂದು ನಮ್ಮ ಮನೆಮನೆಯ ಗೋಡೆಯಲ್ಲಿದೆ, ಏಕೆಂದರೆ ಅಂದು ಯಾರೋ ಕ್ಯಾಮೆರಾ ಹಿಡಿದಿದ್ದರು. ಅವರ ಹಿಂದೆ ನಡೆದ ಲಕ್ಷಾಂತರ ಜನರ ಮುಖಗಳು? 1956ರ ಅಕ್ಟೋಬರ್ 14ರಂದು ಹದಿಹರೆಯದಲ್ಲಿದ್ದವರು ಈಗ ಎಂಬತ್ತು ದಾಟಿದ್ದಾರೆ. ಇವರ ಮುಖ ಉಳಿಯಬೇಕು ಎಂಬುದು ನನ್ನ ಇಚ್ಛೆ. ಇದು ಛಂದ ಎಂದು ಧೈರ್ಯವಾಗಿ ಹೇಳಬಲ್ಲೆ.

ಫೋನ್ ಕಳೆದರೆ ಚಿತ್ರವೂ ಹೋಗುತ್ತದೆ. ಸರಿಯಾಗಿ ತೊಳೆದು ತಂಪಾದ ಒಣ ಜಾಗದಲ್ಲಿಟ್ಟ ಕಪ್ಪು-ಬಿಳುಪು ನೆಗೆಟಿವ್ ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇಲ್ಲಿಯವರೆಗೆ ವಾದ ಸರಿ. ಆದರೆ ಈ ವಾದದಿಂದ ‘ಫಿಲ್ಮ್ ಬೇಕು’ ಎಂದಷ್ಟೇ ಸಿದ್ಧವಾಗುತ್ತದೆ. ‘ಲೆನ್ಸ್ ಬದಲಿಸುವ ರೇಂಜ್‌ಫೈಂಡರೇ ಬೇಕು’ ಎಂಬುದು ಸಿದ್ಧವಾಗುವುದಿಲ್ಲ. ಆ ಸಂದಿಯಲ್ಲೇ ತಣ್ಹಾ ನುಸುಳುತ್ತದೆ. ಮೊದಲು 50 ಎಂಎಂ ಲೆನ್ಸ್, ಆಮೇಲೆ 35, ಆಮೇಲೆ 90. ಹೆನ್ರಿ ಕಾರ್ಟಿಯೇ ಬ್ರೆಸ್ಸೋ ತನ್ನ ಹೆಚ್ಚಿನ ಕೆಲಸವನ್ನು ಲೈಕಾ ಮತ್ತು ಒಂದು 50 ಎಂಎಂ ಲೆನ್ಸಿನಲ್ಲೇ ಮಾಡಿದರು. ಅಜ್ಜಿಯ ಮುಖಕ್ಕೂ ಒಂದೇ ಲೆನ್ಸ್ ಸಾಕು.

*ಧಮ್ಮದ ನಾಲ್ಕು ಪರೀಕ್ಷೆ*

1. *ತಕ್ಕಡಿ.* ಕೋಲಿಯರ ಗೃಹಸ್ಥ ದೀಘಜಾಣು, ಹೆಂಡತಿ ಮಕ್ಕಳೊಂದಿಗೆ ಬಾಳುವ ನಮ್ಮಂಥವರಿಗೆ ದಾರಿ ಯಾವುದೆಂದು ಕೇಳಿದ. ಬುದ್ಧರು ಸಂಪತ್ತು ಬಿಡು ಎನ್ನಲಿಲ್ಲ. ದುಡಿಮೆ, ಗಳಿಸಿದ್ದರ ರಕ್ಷಣೆ, ಒಳ್ಳೆಯ ಗೆಳೆತನ, ಸಮತೂಕದ ಬದುಕು ಎಂದರು. ತಕ್ಕಡಿ ಹಿಡಿದವನಂತೆ ಆದಾಯ ವೆಚ್ಚ ಎರಡನ್ನೂ ತಿಳಿದಿರಬೇಕು. ಸಿಗಾಲೋವಾದ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಪಾಲು ಮಾಡಲು ಹೇಳಿದೆ: ಒಂದು ಅನುಭೋಗಕ್ಕೆ, ಎರಡು ಕಸುಬಿಗೆ, ಒಂದು ಆಪತ್ತಿಗೆ. ಕ್ಯಾಮೆರಾ ಮೊದಲ ಪಾಲಿನಿಂದ ಬರಬೇಕು. ಕಂತಿನ ಸಾಲದಲ್ಲಿ ಬಂದರೆ ಅದು ತೂಗಲಿಲ್ಲ. ಯಂತ್ರದ ಬೆಲೆಯಷ್ಟೇ ನೋಡಿದರೆ ಸಾಲದು. ಒಂದು ರೋಲಿನಲ್ಲಿ 36 ಚಿತ್ರ; ರೋಲು, ತೊಳೆಸುವುದು, ಸ್ಕ್ಯಾನ್ ಸೇರಿ ಕಲರ್ ಫಿಲ್ಮಿಗೆ ಸಾವಿರ ರೂಪಾಯಿ ದಾಟುತ್ತದೆ. ಲೈಕಾ ಇಲ್ಲೇ ನನ್ನ ತಕ್ಕಡಿಯಿಂದ ಇಳಿಯಿತು.

2. *ಪಟಿಚ್ಚ ಸಮುಪ್ಪಾದ.* ಪ್ರತಿ ವಸ್ತುವೂ ಹಲವು ಕಾರಣಗಳಿಂದ ಹುಟ್ಟುತ್ತದೆ. ಫಿಲ್ಮಿನ ಮೇಲೆ ಬೆಳ್ಳಿಯ ಲವಣವನ್ನು ಹಿಡಿದಿಡುವುದು ಜಿಲೆಟಿನ್. ಅದು ದನದ ಮೂಳೆ, ಚರ್ಮದಿಂದ ಬರುತ್ತದೆ. ಸತ್ತ ದನ ಎತ್ತಿದವರನ್ನು ಊರ ಹೊರಗಿಟ್ಟ ಸಮಾಜ, ಅದೇ ಮೂಳೆಯ ಅಂಟಿನಲ್ಲಿ ತನ್ನ ಮದುವೆ, ಜಾತ್ರೆಗಳ ಫೋಟೋ ಉಳಿಸಿಕೊಂಡಿತು. ಶುದ್ಧ ಅಶುದ್ಧ ಎಂಬುದು ವಸ್ತುವಿನಲ್ಲಿಲ್ಲ, ನೋಡುವವನ ಸುಳ್ಳಿನಲ್ಲಿದೆ. ಆದರೆ ಪ್ರತಿ ರೋಲಿನ ಹಿಂದೆ ಜೀವವೊಂದಿದೆ ಎಂಬ ಅರಿವಿರಲಿ. ಸುಮ್ಮನೆ ಫಿಲ್ಮ್ ಸುಡಬಾರದು.

3. *ಕಾಲಾಮ ಸುತ್ತ.* ಮಾರುವವರು ಹೇಳಿದರೆಂದು ನಂಬದೆ ಕಣ್ಣಾರೆ ನೋಡಿ. ಲೆನ್ಸಿಗೆ ಟಾರ್ಚ್ ಬಿಟ್ಟು ಬೂಷ್ಟಿನ ಎಳೆ ಇದೆಯೇ, ಷಟರ್ ಬಟ್ಟೆಯಲ್ಲಿ ಸೂಜಿತೂತು ಇದೆಯೇ, ದೂರದ ಗುಡ್ಡ ನೋಡಿದಾಗ ಎರಡು ಬಿಂಬ ಕೂಡುತ್ತವೆಯೇ ಪರೀಕ್ಷಿಸಿ. ಜೋರ್ಕಿ-4ರಲ್ಲಿ ಫಿಲ್ಮ್ ಮುಂದೆ ತಿರುಗಿಸಿದ ಮೇಲೆಯೇ ಷಟರ್ ವೇಗ ಬದಲಿಸಬೇಕು, ಇಲ್ಲದಿದ್ದರೆ ಯಂತ್ರ ಕೆಡುತ್ತದೆ.

4. *ಇಂದೇ ಶುರುವಾಗುತ್ತದೆಯೇ?* ಇದೇ ಮುಖ್ಯ ಪರೀಕ್ಷೆ. ತಣ್ಹಾ ಹೇಳುತ್ತದೆ: ‘ಅದು ಕೈಗೆ ಬರಲಿ, ಆಮೇಲೆ ಮಾಡುತ್ತೇನೆ.’ ಛಂದ ಕೈಯಲ್ಲಿರುವುದರಿಂದಲೇ ಶುರು ಮಾಡುತ್ತದೆ. ನನ್ನ ಕೈಯಲ್ಲಿ ಫೋನ್ ಇದೆ. ಒಳ್ಳೆಯ ಕ್ಯಾಮೆರಾ ಬರಲೆಂದು ನಾನು ಕಾಯಬಹುದು, ಎಂಬತ್ತೈದರ ಹಿರಿಯರು ಕಾಯುವುದಿಲ್ಲ.

*ನನ್ನ ತೀರ್ಮಾನ*

ಮೂರು ತಿಂಗಳು ಏನೂ ಕೊಳ್ಳುವುದಿಲ್ಲ. ಈ ಭಾನುವಾರದಿಂದಲೇ ಫೋನಿನಲ್ಲಿ ಹತ್ತು ಮನೆಯ ಹಿರಿಯರ ಚಿತ್ರ ತೆಗೆದು, ಹೆಸರು ಊರು ಬರೆದು, ಪ್ರಿಂಟ್ ಹಾಕಿಸಿ ಅವರ ಕೈಗೇ ಕೊಡುತ್ತೇನೆ. ಹತ್ತು ಮನೆ ಮುಗಿದರೆ, ಅನುಭೋಗದ ಪಾಲಿನ ಹಣದಲ್ಲಿ ಒಂದು ಹಳೆಯ ಜೋರ್ಕಿ, ಒಂದೇ 50 ಎಂಎಂ ಲೆನ್ಸ್. ಮೂರು ತಿಂಗಳಲ್ಲಿ ನಾನು ಕ್ಯಾಮೆರಾದ ವಿಡಿಯೋಗಳನ್ನೇ ನೋಡಿ ಒಂದು ಮನೆಗೂ ಹೋಗದಿದ್ದರೆ, ನನ್ನಲ್ಲಿದ್ದದ್ದು ಬಾಯಾರಿಕೆ ಮಾತ್ರ ಎಂದು ಗೊತ್ತಾಗುತ್ತದೆ. ಆಗ ಜೋರ್ಕಿಯೂ ಬೇಡ.

ನೆನಪಿಡೋಣ: ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ಬುದ್ಧರು ಬಡತನವನ್ನು ವೈಭವೀಕರಿಸಲಿಲ್ಲ ಎಂದು ವಿವರಿಸಿದ್ದಾರೆ. ಬಾಬಾಸಾಹೇಬರೇ ಪುಸ್ತಕಗಳನ್ನು ರಾಶಿ ರಾಶಿಯಾಗಿ ಕೊಂಡವರು. ಆದರೆ ಅವು ಕಪಾಟಿನ ಅಲಂಕಾರಕ್ಕಲ್ಲ, ನಮಗಾಗಿ ದುಡಿದ ಪುಸ್ತಕಗಳು. ಒಳ್ಳೆಯ ವಸ್ತುವನ್ನು ಬಯಸುವ ಹಕ್ಕು ನಮಗಿದೆ. ಬಯಸಿದ ವಸ್ತು ದುಡಿಯಬೇಕು, ಅಷ್ಟೇ.

*ಇಂದಿನ ಅಭ್ಯಾಸ:* ನೀವು ಕೊಳ್ಳಬೇಕೆಂದಿರುವ ಒಂದು ವಸ್ತು ನೆನೆಯಿರಿ. ಅದು ಮನೆಗೆ ಬಂದ ಮೇಲೆ ಮಾಡುವೆನೆಂದುಕೊಂಡ ಕೆಲಸ ಯಾವುದು? ಅದರಲ್ಲಿ ಒಂದು ತುಣುಕನ್ನು ಇಂದೇ, ಇರುವುದರಲ್ಲೇ ಮಾಡಿ. ಸಂಜೆ ಐದು ನಿಮಿಷ ಕೂತು ಮನಸ್ಸನ್ನು ಗಮನಿಸಿ: ಬಯಕೆ ತಣಿಯಿತೋ, ಕೆಲಸದ ಉತ್ಸಾಹ ಹೆಚ್ಚಿತೋ? ಭಾನುವಾರದ ವಂದನೆಯ ನಂತರ ಹಂಚಿಕೊಳ್ಳೋಣ. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಫೋಟೋ ಇಲ್ಲದ ಹಿರಿಯರಿದ್ದರೆ ತಿಳಿಸಿ.

ಭವತು ಸಬ್ಬ ಮಂಗಲಂ.
ಸಾಧು ಸಾಧು ಸಾಧು.
ಜೈ ಭೀಮ್.