ಕೈಗಾಕ್ಕೆ ಹೊರಟವರಿಗೆ

ಗೇಟ್ ಪರೀಕ್ಷೆ ಬರೆದು ಅಣುವಿದ್ಯುತ್ ನಿಗಮದ ಸಂದರ್ಶನಕ್ಕೆ ಸಿದ್ಧರಾಗುತ್ತಿರುವ ತಂಗಿ-ತಮ್ಮಂದಿರೇ, ರಿಯಾಕ್ಟರ್ ಬಗ್ಗೆ ಓದಿದಷ್ಟೇ ಶ್ರದ್ಧೆಯಿಂದ ಊರವರ ಜೊತೆ ಮಾತಾಡುವುದನ್ನೂ ಕಲಿಯಿರಿ. ಕೈಗಾ ಅಣುಸ್ಥಾವರದ ಒಂದನೇ ಘಟಕ 2018ರ ಕೊನೆಯವರೆಗೆ ಸತತ 962 ದಿನ ಓಡಿ ಅಂದಿನ ವಿಶ್ವದಾಖಲೆ ಬರೆಯಿತು. ನಿಜಕ್ಕೂ ಹೆಮ್ಮೆಯ ಸಂಗತಿ. ಆದರೆ ಕಾರವಾರದಲ್ಲಿ ಮೀನು ಮಾರುವ ಅಕ್ಕನ ಪ್ರಶ್ನೆಯೇ ಬೇರೆ: "ಕಾಳಿ ನದಿಗೆ ಏನಾದ್ರೂ ಬಿಡ್ತೀರಾ?" "ಏನೂ ಇಲ್ಲ" ಎಂದು ಬಾಯಿ ಮುಚ್ಚಿಸಬೇಡಿ. ಅಲ್ಪ ಪ್ರಮಾಣದ ವಿಕಿರಣಶೀಲ ಟ್ರಿಟಿಯಂ ಹೊರಹೋಗುತ್ತದೆ, ಅದಕ್ಕೆ ಕಟ್ಟುನಿಟ್ಟಿನ ಮಿತಿಯಿದೆ, ಸುತ್ತಲಿನ ನೀರು, ಮೀನು, ಹಾಲನ್ನು ಪರಿಸರ ಪ್ರಯೋಗಾಲಯ ಪರೀಕ್ಷಿಸುತ್ತಿರುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೇ ಹೇಳಿ. ಗೊತ್ತಿಲ್ಲದ್ದನ್ನು ಕೇಳಿದರೆ, "ತಿಳಿದುಕೊಂಡು ಬಂದು ಹೇಳ್ತೇನೆ ಅಕ್ಕ" ಎನ್ನಿ. ಮುಂದಿನ ವಾರ ಮರೆಯದೆ ಹೋಗಿ ಹೇಳಿ ಬನ್ನಿ.