ಕೆರೆಯ ಪಾಚಿಯೂ ಬಾವಿಯ ನೀರೂ

ಕೆರೆಯ ಪಾಚಿಯು ಸೂರ್ಯನ ಬೆಳಕಿನ ಬಲದಿಂದ ಸಕ್ಕರೆಯನ್ನುಂಟುಮಾಡಿಕೊಳ್ಳುವದೆಂದು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಸಕ್ಕರೆಯೊಂದರಿಂದಲೇ ದೇಹವು ಬೆಳೆಯಲಾರದು. ಪ್ರೋಟೀನಿಗೆ ಸಾರಜನಕವು ಬೇಕು. ನೀಲಹಸುರು ಪಾಚಿಯೆಂದು ನಾವು ಕರೆಯುವ, ವಾಸ್ತವದಲ್ಲಿ ಬ್ಯಾಕ್ಟೀರಿಯಾ ವರ್ಗಕ್ಕೆ ಸೇರಿದ ಸೂಕ್ಷ್ಮಜೀವಿಗಳು ನೀರಿನಲ್ಲಿ ಕರಗಿದ ನೈಟ್ರೇಟಿನಿಂದ ಅದನ್ನು ಪಡೆಯುವ ಬಗೆಯನ್ನು ಇಲ್ಲಿ ವಿಚಾರಿಸೋಣ.

ನೈಟ್ರೇಟಿನಲ್ಲಿ ಸಾರಜನಕದ ಒಂದು ಪರಮಾಣುವಿಗೆ ಆಮ್ಲಜನಕದ 3 ಪರಮಾಣುಗಳು ಕೂಡಿಕೊಂಡಿರುವವು. ಅವುಗಳನ್ನು ಬಿಡಿಸಿ ಅಮೋನಿಯಾವನ್ನುಂಟುಮಾಡಲು 8 ಇಲೆಕ್ಟ್ರಾನುಗಳು ಬೇಕು. ಬೆಳಕು ಬಿದ್ದಾಗ ಜೀವಕೋಶವು ನೀರನ್ನು ಒಡೆದು ಇವುಗಳನ್ನು ಪಡೆಯುವದು. ಇವುಗಳನ್ನು ಹೊತ್ತು ತರುವ ಆಳು ಫೆರಿಡಾಕ್ಸಿನ್ ಎಂಬ ಚಿಕ್ಕ ಪ್ರೋಟೀನು. ಕಬ್ಬಿಣವೂ ಗಂಧಕವೂ ಉಳ್ಳ ಇದು ಒಂದು ಸಲಕ್ಕೆ ಒಂದೇ ಇಲೆಕ್ಟ್ರಾನನ್ನು ಹೊರುವದು.

ಕೆಲಸವು ಎರಡು ಮೆಟ್ಟಲುಗಳಲ್ಲಿ ನಡೆಯುವದು. ಮೊದಲು, ಮಾಲಿಬ್ಡಿನಮ್ ಲೋಹವುಳ್ಳ ನೈಟ್ರೇಟ್ ರಿಡಕ್ಟೇಸ್ ಎಂಬ ಕಿಣ್ವವು 2 ಇಲೆಕ್ಟ್ರಾನುಗಳನ್ನು ಕೊಟ್ಟು ನೈಟ್ರೇಟನ್ನು ನೈಟ್ರೈಟಾಗಿ ಮಾರ್ಪಡಿಸುವದು. ಬಳಿಕ ನೈಟ್ರೈಟ್ ರಿಡಕ್ಟೇಸ್ ಎಂಬ ಮತ್ತೊಂದು ಕಿಣ್ವವು ಉಳಿದ 6 ಇಲೆಕ್ಟ್ರಾನುಗಳಿಂದ ಅದನ್ನು ಅಮೋನಿಯಾ ಮಾಡುವದು. ಈ ಅಮೋನಿಯಾವು ಗ್ಲುಟಮೀನ್ ಎಂಬ ಪದಾರ್ಥದಲ್ಲಿ ಸೇರಿ ಜೀವದ ಅಂಶವಾಗುವದು. ಸ್ಪೇನ್ ದೇಶದ ಸೆವಿಲ್ ನಗರದಲ್ಲಿ ಮಾನುಯೆಲ್ ಲೋಸಾದಾ ಮತ್ತು ಅವರ ಸಂಗಡಿಗರು ಇಂಥ ಜೀವಿಯ ಹಸುರು ಕಣಗಳನ್ನು ಬೇರ್ಪಡಿಸಿ, ಫೆರಿಡಾಕ್ಸಿನನ್ನು ಕೂಡಿಸಿ ಬೆಳಕಿನಲ್ಲಿಟ್ಟಾಗ ಈ ಮಾರ್ಪಾಟು ನಡೆಯುವದೆಂದು 1976ರಲ್ಲಿ ತೋರಿಸಿಕೊಟ್ಟರು.

ಇಲ್ಲಿ ನಾವು ಗಮನಿಸತಕ್ಕದ್ದು ನಡುವಿನ ನೈಟ್ರೈಟನ್ನು. ಅದು ಕೂಡಿಕೊಂಡರೆ ವಿಷ; ಆದುದರಿಂದ ಪಾಚಿಯು ಅದನ್ನು ನಿಲ್ಲಗೊಡದೆ ಕೂಡಲೇ ಮುಂದಕ್ಕೆ ಸಾಗಿಸುವದು. ನಮ್ಮ ಹಸುಗೂಸುಗಳಿಗೆ ಈ ಎರಡನೆಯ ಮೆಟ್ಟಲಿನ ಆಸರೆಯಿಲ್ಲ. ನೈಟ್ರೇಟು ಹೆಚ್ಚಿದ ಬಾವಿಯ ನೀರಿನಲ್ಲಿ ಕಲಸಿದ ಹಾಲನ್ನು ಕೂಸು ಕುಡಿದರೆ, ಅದರ ಕರುಳಿನ ಬ್ಯಾಕ್ಟೀರಿಯಾಗಳು ನೈಟ್ರೇಟನ್ನು ನೈಟ್ರೈಟಾಗಿಸಬಲ್ಲವು. ಅದು ರಕ್ತಕ್ಕೆ ಸೇರಿ, ಆಮ್ಲಜನಕವನ್ನು ಹೊರುವ ಶಕ್ತಿಯನ್ನು ಕುಂದಿಸಲು, ಕೂಸಿನ ಮೈ ನೀಲಿಗಟ್ಟುವದು. ಅಮೇರಿಕದ ಅಯೋವಾ ಪ್ರಾಂತದ ವೈದ್ಯ ಹಂಟರ್ ಕಾಮ್ಲಿಯವರು 1945ರಲ್ಲಿ ಇದನ್ನು ಪ್ರಕಟಿಸಿದರು.

ತಾಯಂದಿರೇ, ನೀರನ್ನು ಕುದಿಸಿದರೆ ರೋಗಾಣುಗಳು ಸಾಯುವವು. ನೈಟ್ರೇಟು ಹೋಗದು, ನೀರು ಇಂಗಿದಷ್ಟೂ ಅದು ಗಾಢವಾಗುವದು. ಲೀಟರಿಗೆ 50 ಮಿಲಿಗ್ರಾಮು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳಿದೆ. ಆದುದರಿಂದ ಗೊಬ್ಬರದ ಗುಂಡಿಯನ್ನೂ ಪಾಯಿಖಾನೆಯನ್ನೂ ಬಾವಿಯಿಂದ ದೂರವಿಡೋಣ. ಕೂಸಿರುವ ಮನೆಯ ಬಾವಿಯ ನೀರನ್ನು ಪರೀಕ್ಷೆಗೆ ಕಳುಹಿಸೋಣ. ಶಾಲೆಯಲ್ಲಿ ಕಲಿತ ಪಾಠವು ತೊಟ್ಟಿಲ ಬಳಿಗೆ ಬಂದಾಗಲೇ ಸಾರ್ಥಕವಾಗುವದು.