ಹಲ್ಲು ಸುಮ್ಮನಿರುವಾಗ

ಪುಟ್ಟೀ,

ಹಲ್ಲುನೋವಿಗೆ ಯಾವ ಮಾತ್ರೆ ತಗೋಬೇಕು ತಾತ ಅಂತ ನೀನು ಫೋನಿನಲ್ಲಿ ಕೇಳಿದಾಗ ನಾನು ಹೆಸರು ಹೇಳಲಿಲ್ಲ. ಮೈಸೂರಿನ ಅಗ್ರಹಾರದಲ್ಲಿ ಅಷ್ಟು ವರ್ಷ ಔಷಧಿ ಅಂಗಡಿ ನಡೆಸಿದ ಮುದುಕನಿಗೆ ಒಂದು ಮಾತ್ರೆಯ ಹೆಸರು ಮರೆತುಹೋಯಿತೇ ಅಂದುಕೊಂಡಿರುತ್ತೀಯ. ಮರೆತಿಲ್ಲ. ಬೇಕಂತಲೇ ಹೇಳಲಿಲ್ಲ.

ರಾತ್ರಿ ಬಾಗಿಲು ಎಳೆಯುವ ಹೊತ್ತಿಗೆ ಕೆನ್ನೆಗೆ ಟವೆಲ್ ಒತ್ತಿಕೊಂಡು ಒಬ್ಬರಲ್ಲ ಒಬ್ಬರು ಬರುತ್ತಿದ್ದರು. "ಸ್ವಾಮೀ, ಇವತ್ತು ರಾತ್ರಿ ಕಳೆಯೋ ಹಾಗೆ ಏನಾದ್ರೂ ಕೊಡಿ, ಬೆಳಿಗ್ಗೆ ಡಾಕ್ಟರ ಹತ್ರ ಹೋಗ್ತೀನಿ." ಬೆಳಿಗ್ಗೆ ನೋವು ಇಳಿದಿರುತ್ತಿತ್ತು, ಡಾಕ್ಟರು ಮರೆತುಹೋಗಿರುತ್ತಿದ್ದರು. ಕೆಲವರಿಗೆ ಒಂದೆರಡು ವಾರ ಹೀಗೇ ನರಳಿದ ಮೇಲೆ ನೋವು ತಾನಾಗಿಯೇ ನಿಂತುಹೋಗುತ್ತಿತ್ತು. ವಾಸಿಯಾಯಿತು ಅಂತ ಅವರಿಗೆ ಸಂತೋಷ. ನಿಜವಾಗಿ ಹಲ್ಲಿನೊಳಗಿನ ನರ ಸತ್ತಿರುತ್ತಿತ್ತು, ಅಷ್ಟೇ. ಸೋಂಕು ಸದ್ದಿಲ್ಲದೆ ಬೇರಿನ ತುದಿ ದಾಟಿ ದವಡೆಯ ಮೂಳೆಗೆ ಇಳಿಯುತ್ತಿತ್ತು. ಕೆಲವು ತಿಂಗಳು ಬಿಟ್ಟು ಅದೇ ಮನುಷ್ಯ ಕೆನ್ನೆ ಊದಿಸಿಕೊಂಡು, ಬಾಯಿ ಬಿಡಲಾರದೆ, ಜ್ವರದಲ್ಲಿ ಬರುತ್ತಿದ್ದ. ಹಾಗೆ ಊದಿ ಜ್ವರ ಬಂತೆಂದರೆ, ಉಸಿರಾಡಲು ನುಂಗಲು ಕಷ್ಟವಾಯಿತೆಂದರೆ, ಅದು ಅಂಗಡಿಯವನ ಕೆಲಸವಲ್ಲ, ಆಸ್ಪತ್ರೆಯ ಕೆಲಸ.

ಹಲ್ಲು ಹೀಗೆ ಮೋಸ ಮಾಡುವುದಕ್ಕೆ ಕಾರಣ ಅದರ ಕಟ್ಟಡದಲ್ಲೇ ಇದೆ. ಹೊರಗಿನ ಹೊಳಪಿನ ಪದರ, ಎನಾಮೆಲ್, ನಮ್ಮ ಮೈಯಲ್ಲೇ ಅತಿ ಗಟ್ಟಿಯಾದದ್ದು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಬರೀ ಖನಿಜ. ಅದರಲ್ಲಿ ನರವಿಲ್ಲ, ರಕ್ತವಿಲ್ಲ, ಜೀವಕೋಶವೂ ಇಲ್ಲ. ಅದಕ್ಕೇ ಮುರಿದ ಕೈಮೂಳೆ ಕೂಡಿಕೊಳ್ಳುತ್ತದೆ, ತೂತಾದ ಎನಾಮೆಲ್ ಕೂಡಿಕೊಳ್ಳುವುದಿಲ್ಲ. ನರವಿಲ್ಲದ ಮೇಲೆ ಹುಳುಕು ಅಲ್ಲಿ ಎಷ್ಟು ದಿನ ಕೊರೆದರೂ ನಮಗೆ ಸುದ್ದಿ ಬರುವುದಿಲ್ಲ. ಕೆಳಗಿನ ಡೆಂಟಿನ್ ಪದರ ಮುಟ್ಟಿದಾಗ ತಣ್ಣೀರು ಜುಮ್ಮೆನ್ನಿಸುತ್ತದೆ. ಇನ್ನೂ ಒಳಗಿನ ನರ ಮುಟ್ಟಿದಾಗ ರಾತ್ರಿ ನಿದ್ದೆ ಕೆಡುತ್ತದೆ. ನಿನಗೆ ಈಗ ಆಗುತ್ತಿರುವುದು ಜುಮ್ಮೆನ್ನುವ ಹಂತ ಅಂತ ನನ್ನ ಊಹೆ. ಒಂದು ಫಿಲ್ಲಿಂಗ್‌ನಲ್ಲಿ ಮುಗಿಯಬಹುದು. ಮಾತ್ರೆ ನುಂಗಿ ಮುಂದೂಡಿದರೆ ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್. ಹಣದ ಲೆಕ್ಕ ನಿನಗೆ ನನಗಿಂತ ಚೆನ್ನಾಗಿ ಬರುತ್ತದೆ.

ಹುಳುಕು ಹುಟ್ಟುವ ಬಗೆಯನ್ನೂ ಹೇಳಿಬಿಡುತ್ತೇನೆ, ಬರೀ ಬ್ರಷ್ ಮಾಡು ಅಂದರೆ ನೀನು ಕೇಳುವವಳಲ್ಲ. ಹಲ್ಲಿಗೆ ಅಂಟಿದ ಪಾಚಿಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ನೀನು ಸಿಹಿ ತಿಂದರೆ ಅವೂ ತಿಂದು ಆಮ್ಲ ಬಿಡುತ್ತವೆ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನ ಖನಿಜ ಕರಗಲು ಶುರು. ಆಮೇಲೆ ಎಂಜಲು ಆ ಹುಳಿಯನ್ನು ತೊಳೆದು, ಕಳೆದ ಖನಿಜವನ್ನು ಮತ್ತೆ ತುಂಬುತ್ತದೆ. ಅದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಬೇಕು. ಇಲ್ಲೇ ನಿನ್ನ ತಪ್ಪು ಇರುವುದು. ಆಫೀಸಿನಲ್ಲಿ ಸಕ್ಕರೆ ಕಾಫಿಯನ್ನು ಮಧ್ಯಾಹ್ನವೆಲ್ಲ ಗುಟುಕು ಗುಟುಕಾಗಿ ಕುಡಿಯುತ್ತೀಯ, ಡ್ರಾಯರಿನಲ್ಲಿ ಚಾಕೊಲೇಟು, ಕೈಗೆ ಸಿಕ್ಕಿದಾಗ ಬಿಸ್ಕತ್ತು. ಎಂಜಲಿಗೆ ಸರದಿಯೇ ಬರುವುದಿಲ್ಲ.

ಎಷ್ಟು ಸಿಹಿ ತಿಂದೆ ಅನ್ನುವುದಕ್ಕಿಂತ ಎಷ್ಟು ಸಲ ತಿಂದೆ, ಎಷ್ಟು ಹೊತ್ತು ಹಲ್ಲಿಗೆ ಅಂಟಿಕೊಂಡಿತು ಅನ್ನುವುದು ಮುಖ್ಯ. ಸ್ವೀಡನ್ನಿನ ವಿಪೆಹೋಮ್ ಎಂಬಲ್ಲಿ 1945ರಿಂದ ಶುರುವಾದ ಪ್ರಯೋಗವೊಂದು ಇದನ್ನು ತೋರಿಸಿತು. ಬುದ್ಧಿಮಾಂದ್ಯರ ಆಶ್ರಯಧಾಮವೊಂದರ ನಿವಾಸಿಗಳಿಗೆ ಊಟದ ನಡುವೆ ಅಂಟಂಟಾದ ಟಾಫಿ ತಿನ್ನಿಸಿ ಹಲ್ಲು ಹಾಳಾಗುವುದನ್ನು ನೋಡಿದರು. ಬೇಡ ಅನ್ನಲಾರದವರ ಮೇಲೆ ಮಾಡಿದ ಆ ಕೆಲಸ ಅನ್ಯಾಯ, ಸಂದೇಹವಿಲ್ಲ. ಆದರೆ ಗೊತ್ತಾದ ಸಂಗತಿಯನ್ನು ಬಿಡುವ ಹಾಗಿಲ್ಲ. ಹಾಗಾಗಿ ಸಯ್ಯಾಜಿರಾವ್ ರಸ್ತೆಯಲ್ಲಿ ಮೈಸೂರು ಪಾಕ್ ಕೊಂಡರೆ ಊಟದ ಜೊತೆ ತಿಂದು, ನೀರು ಕುಡಿದು ಮುಗಿಸು. ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಸಂಜೆವರೆಗೆ ಮುರಿದು ಮುರಿದು ತಿನ್ನಬೇಡ. ಬೆಲ್ಲ ಒಳ್ಳೆಯದು, ಸಕ್ಕರೆ ಕೆಟ್ಟದ್ದು ಅಂತ ನಿಮ್ಮಜ್ಜಿ ವಾದಿಸುತ್ತಾಳೆ. ಬಾಯಿಯ ಬ್ಯಾಕ್ಟೀರಿಯಾಗಳಿಗೆ ಆ ಭೇದ ಗೊತ್ತಿಲ್ಲ.

ಇನ್ನು ಉಜ್ಜುವ ಮಾತು. ನಮ್ಮ ಹಳೆ ಮೈಸೂರಿನ ಮನೆಗಳಲ್ಲಿ ಹಲ್ಲುಜ್ಜುವುದು ಬೆಳಗಿನ ಮಡಿಗೆ ಸೇರಿದ ಕೆಲಸ. ವಠಾರದಲ್ಲಿ ಯಾರ ಮನೆಯ ಯಜಮಾನರು ಎದ್ದರು ಅನ್ನುವುದು ನಾಲಿಗೆ ಹೆರೆಯುವ ಸದ್ದಿನಲ್ಲೇ ತಿಳಿಯುತ್ತಿತ್ತು. ರಾತ್ರಿ ಮಾತ್ರ ಬಾಯಿ ಮುಕ್ಕಳಿಸಿದರೆ ಆಯಿತು. ಇದು ತಿರುಗುಮುರುಗಾಗಬೇಕಾಗಿತ್ತು. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುತ್ತದೆ. ಹಲ್ಲಿಗೆ ಕಾವಲು ಇಲ್ಲದ ಹೊತ್ತು ಅದೇ. ಬೆಳಿಗ್ಗೆ ಉಜ್ಜುವುದನ್ನು ಬಿಡು ಅನ್ನುತ್ತಿಲ್ಲ, ಆದರೆ ಎರಡರಲ್ಲಿ ಒಂದು ತಪ್ಪಿಹೋಗುವ ದಿನ ರಾತ್ರಿಯದು ತಪ್ಪಬಾರದು. ರಾತ್ರಿ ಉಜ್ಜಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಬಾರದು. ಉಜ್ಜಿ ನೊರೆ ಉಗಿದ ಮೇಲೆ ಲೋಟಗಟ್ಟಲೆ ನೀರಿನಲ್ಲಿ ಮುಕ್ಕಳಿಸಲೂ ಬೇಡ, ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪ ಹೊತ್ತು ನಿಲ್ಲಲಿ.

ನಾನು ಬೆಳೆದದ್ದು ನಂಜನಗೂಡು ಹಲ್ಲುಪುಡಿಯಲ್ಲಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರುಮಾಡಿದರು. ಅಲ್ಲಿಂದ ಬಂದ ಆ ಗುಲಾಬಿ ಪುಡಿ ಮೈಸೂರು ಸೀಮೆಯ ಮನೆಮನೆಯ ಬಚ್ಚಲ ಗೂಡಿನಲ್ಲಿತ್ತು. ನನ್ನ ಅಂಗಡಿಯಲ್ಲೂ ಮಾರಿದ್ದೇನೆ, ವಾಸನೆ ಈಗಲೂ ಇಷ್ಟ. ಆದರೂ ನಿನಗೆ ಪೇಸ್ಟನ್ನೇ ಹೇಳುತ್ತೇನೆ. ಹಲ್ಲುಪುಡಿಗಳಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಇರುವುದಿಲ್ಲ, ಬೆರಳು ಹಲ್ಲಿನ ಸಂದಿಗೆ ಇಳಿಯುವುದಿಲ್ಲ. ಇದ್ದಿಲು, ಉಪ್ಪು, ಇಟ್ಟಿಗೆ ಪುಡಿ ಹಾಕಿ ತಿಕ್ಕಿದವರ ಹಲ್ಲಂತೂ ಬೆಳ್ಳಗಾದದ್ದಕ್ಕಿಂತ ಸವೆದದ್ದು ಹೆಚ್ಚು. ಫ್ಲೋರೈಡ್ ಇರುವ ಪೇಸ್ಟು ತಗೋ. ನಮ್ಮ ದೇಶದ ಕಾನೂನಿನ ಪ್ರಕಾರ 1000 ಪಿಪಿಎಂಗಿಂತ ಹೆಚ್ಚು ಹಾಕುವ ಹಾಗಿಲ್ಲ, ಎಷ್ಟಿದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ, ಓದು. ಈಗಷ್ಟೇ ಶುರುವಾದ ಹುಳುಕು ಬಿಳಿ ಮಚ್ಚೆಯಾಗಿ ಕಾಣುತ್ತದೆ. ತೂತಾಗುವ ಮುಂಚೆ ಫ್ಲೋರೈಡ್ ಅದನ್ನು ಹಿಂದಕ್ಕೂ ತಿರುಗಿಸಬಲ್ಲದು.

ಫ್ಲೋರೈಡ್ ವಿಷ ಅಂತ ನಿನ್ನ ಗೆಳತಿ ಹೇಳಿದ್ದು ಅರ್ಧ ನಿಜ. ಪಾವಗಡದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದವರ ಹಲ್ಲಿನ ಕಂದು ಗೆರೆ ನೋಡಿರಬೇಕು ಅವಳು. ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ತೊಂದರೆ. ಆ ಕಲೆ ಬೀಳುವುದು ಹಲ್ಲು ಇನ್ನೂ ಒಸಡಿನೊಳಗೆ ಬೆಳೆಯುತ್ತಿರುವ ಎಳೆ ವಯಸ್ಸಿನಲ್ಲಿ, ಆಮೇಲೆ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೈಸೂರಿನ ನಲ್ಲಿಗೆ ಬರುವುದು ಕಾವೇರಿ, ಕಬಿನಿ ಹೊಳೆಯ ನೀರು. ಇಲ್ಲಿ ದೊಡ್ಡವರು ಪೇಸ್ಟು ಹಾಕಿ ಉಗಿಯುವುದಕ್ಕೆ ಹೆದರಬೇಕಾಗಿಲ್ಲ. ಮಕ್ಕಳು ನುಂಗುತ್ತವೆ, ಅದಕ್ಕೇ ಮೂರು ವರ್ಷದೊಳಗಿನವಕ್ಕೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಸಾಕು.

ಒಸಡಿನಲ್ಲಿ ರಕ್ತ ಬಂದರೆ ಜನ ಆ ಜಾಗ ಬಿಟ್ಟು ಉಜ್ಜುತ್ತಾರೆ. ಪಾಚಿ ಅಲ್ಲೇ ಕೂತು ಒಸಡು ಊದಿಸಿದ್ದಕ್ಕೆ ರಕ್ತ ಬರುವುದು, ಆ ಜಾಗವನ್ನೇ ಮೆತ್ತನೆಯ ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಬೇಕು. ಪಾಚಿ ಗಟ್ಟಿಯಾಗಿ ಕಲ್ಲಿನಂತಾದರೆ ಬ್ರಷ್‌ಗೆ ಬಗ್ಗುವುದಿಲ್ಲ, ಕ್ಲೀನಿಂಗ್ ಮಾಡಿಸಲೇಬೇಕು. ಕ್ಲೀನಿಂಗ್ ಮಾಡಿಸಿದರೆ ಹಲ್ಲು ಅಲ್ಲಾಡುತ್ತದೆ, ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ, ಇವೆರಡನ್ನೂ ನಿನಗೆ ಯಾರಾದರೂ ಹೇಳುತ್ತಾರೆ. ಎರಡೂ ಸುಳ್ಳು. ನಿಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆಯಲ್ಲ, ಅವನಿಗೆ ಒಸಡಿನ ವಿಷಯ ಬೇರೆಯಾಗಿ ಹೇಳು. ಸಕ್ಕರೆ ಹತೋಟಿ ತಪ್ಪಿದರೆ ಒಸಡು ಕೆಡುತ್ತದೆ, ಒಸಡು ಕೆಟ್ಟರೆ ಸಕ್ಕರೆ ಹತೋಟಿಗೆ ಬರುವುದು ಕಷ್ಟ.

ಎಲೆ ಅಡಿಕೆಯ ಬಗ್ಗೆ ನಾನು ಹೇಳಿದರೆ ಮದುವೆ ಮನೆಯಲ್ಲಿ ನನಗೇ ಬೈಗುಳ. ಮೈಸೂರು ಚಿಗುರೆಲೆ ನಮ್ಮೂರಿನ ಹೆಮ್ಮೆ, ಎಲೆಯ ಮೇಲೆ ನನಗೆ ದೂರಿಲ್ಲ. ಅಡಿಕೆಯ ಕಥೆ ಬೇರೆ. ತಂಬಾಕು ಇಲ್ಲದಿದ್ದರೂ ಅಡಿಕೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ದಿನವೂ ಜಗಿಯುವವರ ಕೆನ್ನೆಯ ಒಳಭಾಗ ಬಿಗಿದು, ಕಡೆಗೆ ಬಾಯಿಯೊಳಗೆ ಎರಡು ಬೆರಳೂ ಹೋಗದಂತಾದದ್ದನ್ನು ಕಂಡಿದ್ದೇನೆ. ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿದರೂ ಪೊಟ್ಟಣ ಎಲ್ಲಿ ಸಿಗುತ್ತದೆಂದು ನಿನ್ನ ತಮ್ಮನಿಗೆ ಗೊತ್ತಿರುತ್ತದೆ, ಅವನ ಕಿವಿ ಹಿಂಡು.

ಈಗ ನಿನ್ನ ಹಲ್ಲು. ಖರ್ಚಿನ ಯೋಚನೆಯಿದ್ದರೆ ಬನ್ನಿಮಂಟಪದ ಹತ್ತಿರದ ಜೆಎಸ್‌ಎಸ್ ದಂತ ಕಾಲೇಜಿಗೆ ಹೋಗು, 1986ರಿಂದ ಇದೆ. ಫಾರೂಕಿಯಾ ದಂತ ಕಾಲೇಜೂ ಊರಿನಲ್ಲೇ ಇದೆ. ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಮೇಷ್ಟ್ರ ಕಣ್ಣೆದುರಿಗೆ ಕೆಲಸ ಮಾಡುತ್ತಾರೆ, ಹೊತ್ತು ಹಿಡಿಯುತ್ತದೆ, ದುಡ್ಡು ಕಡಿಮೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸು. ಅಲ್ಲಿಯವರೆಗೆ ಉಪ್ಪು ಹಾಕಿದ ಬಿಸಿನೀರಿನಲ್ಲಿ ಮುಕ್ಕಳಿಸು. ಒಸಡಿನ ಮೇಲೆ ಆಸ್ಪಿರಿನ್ ಇಡಬೇಡ, ಚರ್ಮ ಸುಡುತ್ತದೆ.

ನಿನ್ನ ಅಕ್ಕನಿಗೂ ಎರಡು ಮಾತು ಮುಟ್ಟಿಸು. ಅವಳ ಮಗನಿಗೆ ಆರು ತುಂಬುತ್ತಿದೆ. ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ, ದವಡೆ ಹಲ್ಲೊಂದು ಮೂಡುತ್ತದೆ. ಅದನ್ನೂ ಹಾಲುಹಲ್ಲೆಂದು ತಿಳಿದು ಎಷ್ಟೋ ತಾಯಂದಿರು ಹುಳುಕಾಗಲು ಬಿಡುತ್ತಾರೆ. ಅದು ಸಾಯುವವರೆಗೆ ಇರಬೇಕಾದ ಹಲ್ಲು. ಮುಂದೆ ಅವನು ಮೈದಾನದಲ್ಲಿ ಚೆಂಡು ತಗುಲಿ ಮುಂದಿನ ಶಾಶ್ವತ ಹಲ್ಲು ಬೇರುಸಹಿತ ಉದುರಿಸಿಕೊಂಡು ಬಂದರೆ, ಬೇರನ್ನು ಮುಟ್ಟದೆ ಬಿಳಿಯ ಭಾಗ ಹಿಡಿದು, ಮಣ್ಣಾಗಿದ್ದರೆ ಹಾಲಿನಲ್ಲೋ ನೀರಿನಲ್ಲೋ ಒಂದು ಕ್ಷಣ ಅದ್ದಿ, ಅದೇ ಗುಳಿಯಲ್ಲಿ ಕೂರಿಸಬೇಕು. ಧೈರ್ಯ ಸಾಲದಿದ್ದರೆ ಒಂದು ಲೋಟ ಹಾಲಿನಲ್ಲಿ ಹಾಕಿಕೊಂಡು ಒಂದು ಗಂಟೆಯೊಳಗೆ ದಂತವೈದ್ಯರ ಬಳಿ ಓಡಬೇಕು. ಉದುರಿದ್ದು ಹಾಲುಹಲ್ಲಾದರೆ ಮಾತ್ರ ಮತ್ತೆ ಕೂರಿಸಲು ಹೋಗಬಾರದು, ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಏಟು ಬೀಳುತ್ತದೆ.